ಒಂದು ವಾರ ಮೊದಲೇ ಬಂದ ಹಬ್ಬ

ಹಬ್ಬ ಯಾವಾಗ ಬರುತ್ತದೆ ಎಂಬ ಪ್ರಶ್ನೆಗೆ ನಮ್ಮಲ್ಲಿ ಪಂಚಾಂಗ ಉತ್ತರ ಹೇಳುತ್ತದೆ. ಅಧಿಕಮಾಸ ಬಿದ್ದರೆ ದೀಪಾವಳಿ ನವೆಂಬರಿನ ನಡುವಿಗೆ ಜಾರುತ್ತದೆ. ಒಂದೇ ಬೀದಿಯ ಎರಡು ಮನೆಗಳವರು ಕೃಷ್ಣಾಷ್ಟಮಿಯನ್ನು ಎರಡು ಬೇರೆ ದಿನ ಆಚರಿಸುವುದೂ ನಿಮಗೆ ಹೊಸದಲ್ಲ. ಇದಕ್ಕೆಲ್ಲ ತಿಥಿ ನಕ್ಷತ್ರಗಳ ಲೆಕ್ಕವಿದೆ. ಆದರೆ ಅಂಗಡಿಗಳ ವ್ಯಾಪಾರದ ಲೆಕ್ಕಕ್ಕೆ ಒಂದು ಇಡೀ ದೇಶದ ಹಬ್ಬ ಒಂದು ವಾರ ಮೊದಲೇ ಬಂದದ್ದನ್ನು ನೀವು ಕೇಳಿದ್ದೀರಾ? ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ 1939ರಲ್ಲಿ ಹಾಗಾಯಿತು. ಆ ವರ್ಷ ಅಲ್ಲಿನ ಅರ್ಧ ದೇಶ ಒಂದು ಗುರುವಾರ ಹಬ್ಬದೂಟ ಮಾಡಿತು, ಉಳಿದರ್ಧ ಮುಂದಿನ ಗುರುವಾರ ಮಾಡಿತು. ಮಾತಿನ ಕಾರ್ಯಕ್ರಮದಲ್ಲಿ ಇಂಥ ವಿವರಗಳಿಗೆ ವೇಳೆ ಸಾಲದು. ಬರಹದಲ್ಲಿ ಸ್ವಲ್ಪ ಸಾವಧಾನವಾಗಿ ನೋಡೋಣ.

ಆ ಹಬ್ಬದ ಹೆಸರು ಥ್ಯಾಂಕ್ಸ್‌ಗಿವಿಂಗ್, ಅಂದರೆ ಕೃತಜ್ಞತೆ ಸಲ್ಲಿಸುವ ದಿನ. ಸುಗ್ಗಿಯ ನಂತರ ನೆಂಟರಿಷ್ಟರೆಲ್ಲ ಒಂದೆಡೆ ಸೇರಿ ಟರ್ಕಿ ಕೋಳಿಯ ಊಟ ಮಾಡುವ ಹಬ್ಬ. ನಮ್ಮ ಸಂಕ್ರಾಂತಿಗೆ ಹೋಲಿಸಿದರೆ ಪೂರ್ತಿ ಸರಿಯಾಗದಿದ್ದರೂ ಅದರ ಭಾವ ತಿಳಿಯುತ್ತದೆ. ಅಂತರ್ಯುದ್ಧದ ನಡುವೆ, 1863ರಲ್ಲಿ, ಅಧ್ಯಕ್ಷ ಅಬ್ರಹಾಂ ಲಿಂಕನ್ ನವೆಂಬರಿನ ಕೊನೆಯ ಗುರುವಾರವನ್ನು ಇದಕ್ಕೆಂದು ಗೊತ್ತುಪಡಿಸಿದರು. ಇದಕ್ಕೆ ಕಾಯಿದೆಯ ಬಲವಿರಲಿಲ್ಲ. ಪ್ರತಿವರ್ಷವೂ ಅಧ್ಯಕ್ಷರು ಒಂದು ಘೋಷಣೆ ಹೊರಡಿಸುವರು, ರಾಜ್ಯಗಳ ಗವರ್ನರುಗಳು ಅದನ್ನು ಅನುಸರಿಸುವರು. ಮುಕ್ಕಾಲು ಶತಮಾನ ಹೀಗೆಯೇ ನಡೆಯಿತು.

ಈ ಊಟದ ಹಬ್ಬಕ್ಕೂ ಅಂಗಡಿಗೂ ಏನು ಸಂಬಂಧ ಎನ್ನುತ್ತೀರಾ? ಅಮೆರಿಕದ ವರ್ತಕರಲ್ಲಿ ಒಂದು ಅಲಿಖಿತ ಕಟ್ಟಳೆಯಿತ್ತು. ಥ್ಯಾಂಕ್ಸ್‌ಗಿವಿಂಗ್ ಮುಗಿಯುವ ತನಕ ಕ್ರಿಸ್‌ಮಸ್ ಜಾಹೀರಾತು ಹಾಕುವುದು ಅಸಭ್ಯವೆಂದು ಅವರು ಭಾವಿಸಿದ್ದರು. ಊಟದ ಮಾರನೆಯ ದಿನದಿಂದ ಉಡುಗೊರೆಗಳ ಖರೀದಿ ಶುರು. ನ್ಯೂಯಾರ್ಕಿನ ಮೇಸೀಸ್ ಅಂಗಡಿ 1924ರಲ್ಲಿ ಥ್ಯಾಂಕ್ಸ್‌ಗಿವಿಂಗ್ ದಿನವೇ ಮೆರವಣಿಗೆ ಆರಂಭಿಸಿತು. ಅದರ ಕೊನೆಯಲ್ಲಿ ಸಾಂಟಾಕ್ಲಾಸ್ ಬರುವುದೆಂದರೆ, ಇನ್ನು ಅಂಗಡಿಗೆ ಬನ್ನಿ ಎಂದು ಕರೆದ ಹಾಗೆ. ವರ್ಷದ ವ್ಯಾಪಾರದಲ್ಲಿ ದೊಡ್ಡ ಪಾಲು ಆ ಕೆಲವೇ ವಾರಗಳಲ್ಲಿ ಆಗಬೇಕಿತ್ತು.

ಹಬ್ಬದ ಉಡುಗೊರೆ ಹೊರೆಯಾಗಿದೆ ಎಂಬ ಗೊಣಗಾಟ ಕಷ್ಟಕಾಲಕ್ಕೆ ಮುಂಚೆಯೇ ಇತ್ತೆನ್ನಿ. 1912ರಲ್ಲಿ ನ್ಯೂಯಾರ್ಕಿನ ದುಡಿಯುವ ಹೆಣ್ಣುಮಕ್ಕಳು ಮತ್ತು ಅವರ ಬೆಂಬಲಿಗರು ಸೇರಿ ನಿರುಪಯುಕ್ತ ಉಡುಗೊರೆಗಳನ್ನು ತಡೆಯುವ ಸಂಘವೊಂದನ್ನೇ ಕಟ್ಟಿದರು. ಅಂಗಡಿಗಳಲ್ಲಿ ಕೆಲಸ ಮಾಡುವ ಹುಡುಗಿಯರು ತಮ್ಮ ಚಿಕ್ಕ ಸಂಬಳದಲ್ಲೇ ಮೇಲ್ವಿಚಾರಕರಿಗೆ ಕ್ರಿಸ್‌ಮಸ್ ಕಾಣಿಕೆ ಕೊಡಬೇಕಾಗಿ ಬರುತ್ತಿದ್ದುದು ಇದಕ್ಕೆ ಕಾರಣ. ಮಾಜಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಕೂಡ ಈ ಸಂಘದ ಸದಸ್ಯರಾದರು. ಕಾಣಿಕೆ ಮೇಲಿನವರಿಗೆ ಹೋಗುವ ಈ ಪದ್ಧತಿ ನಮಗೂ ಅಪರಿಚಿತವಲ್ಲ!

1929ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಷೇರುಪೇಟೆ ಕುಸಿಯಿತು. 1933ರ ಹೊತ್ತಿಗೆ ದುಡಿಯಬಲ್ಲ ನಾಲ್ವರಲ್ಲಿ ಒಬ್ಬರಿಗೆ ಕೆಲಸವಿರಲಿಲ್ಲ. ಸುಮಾರು 9,000 ಬ್ಯಾಂಕುಗಳು ಬಾಗಿಲು ಹಾಕಿದವು. ಇದರಿಂದ ಹಬ್ಬಕ್ಕೆ ಬಿದ್ದ ಪೆಟ್ಟನ್ನು ಗಮನಿಸಿ. ನಮ್ಮಲ್ಲಿ ಹಬ್ಬದ ಚೀಟಿ ಕಟ್ಟುವಂತೆ ಅಲ್ಲಿ 'ಕ್ರಿಸ್‌ಮಸ್ ಕ್ಲಬ್' ಎಂಬ ಉಳಿತಾಯದ ಕ್ರಮವಿತ್ತು. 1909ರಲ್ಲಿ ಪೆನ್ಸಿಲ್ವೇನಿಯಾದ ಕಾರ್ಲೈಲ್ ಎಂಬ ಊರಿನ ಬ್ಯಾಂಕೊಂದು ಇದನ್ನು ಆರಂಭಿಸಿತು. ವಾರವಾರವೂ ಅಷ್ಟಿಷ್ಟು ಕಟ್ಟಿ, ಡಿಸೆಂಬರಿನಲ್ಲಿ ಒಟ್ಟಿಗೆ ಪಡೆದು ಉಡುಗೊರೆ ಕೊಳ್ಳುವುದು. ಬ್ಯಾಂಕೇ ಮುಳುಗಿದ ಮೇಲೆ, ವರ್ಷವಿಡೀ ಕೂಡಿಟ್ಟ ಆ ಚಿಲ್ಲರೆಯೂ ಅದರ ಜೊತೆ ಮುಳುಗುವ ಭಯ.

ಆದರೂ ಜನ ಹಬ್ಬ ಬಿಡಲಿಲ್ಲ. ನ್ಯೂಯಾರ್ಕಿನ ರಾಕಫೆಲರ್ ಸೆಂಟರಿನ ಕಟ್ಟಡ ಏಳುತ್ತಿದ್ದ ಜಾಗದಲ್ಲಿ 1931ರ ಡಿಸೆಂಬರ್ 24ರಂದು ಕೂಲಿಕಾರರು ತಮ್ಮ ತಮ್ಮಲ್ಲೇ ಹಣ ಕೂಡಿಸಿ 20 ಅಡಿಯ ಒಂದು ಮರ ತಂದು ನಿಲ್ಲಿಸಿದರು. ಅದಕ್ಕೆ ಮನೆಯವರು ಕೈಯಲ್ಲೇ ಮಾಡಿದ ಹಾರ ಹಾಕಿದರು. ಮರದ ಪಕ್ಕದಲ್ಲೇ ಸಾಲಾಗಿ ನಿಂತು ಸಂಬಳ ಪಡೆದರು. ಇಂದು ಜಗತ್ತೆಲ್ಲ ಟೆಲಿವಿಷನ್‌ನಲ್ಲಿ ನೋಡುವ, ಅಂಗಡಿಗಳ ಝಗಮಗದ ನಡುವೆ ನಿಲ್ಲುವ ಆ ಪ್ರಸಿದ್ಧ ಮರದ ಮೂಲ ಇದು. ಆಟಿಕೆಯ ರೈಲು ತಯಾರಿಸುವ ಲಯೊನೆಲ್ ಕಂಪನಿ 1934ರಲ್ಲಿ ದಿವಾಳಿಯ ಅಂಚಿಗೆ ಬಂದಿತ್ತು. ದುಬಾರಿ ರೈಲುಗಳನ್ನು ಕೊಳ್ಳುವವರಿಲ್ಲ. ಆಗ ಅದು ಮಿಕ್ಕಿ ಮೌಸ್ ಓಡಿಸುವ ಪುಟ್ಟ ಕೈಗಾಡಿಯೊಂದನ್ನು ಒಂದು ಡಾಲರಿಗೆ ಮಾರುಕಟ್ಟೆಗೆ ತಂದಿತು. ಅದು ಲಕ್ಷಗಟ್ಟಲೆ ಖರ್ಚಾಯಿತು. ಕೊಡುವ ಆಸೆ ಬತ್ತಿರಲಿಲ್ಲ, ಬೆಲೆ ಮಾತ್ರ ಒಂದು ಡಾಲರಿಗೆ ಇಳಿಯಬೇಕಿತ್ತು.

ಇಲ್ಲಿ ಕ್ಯಾಂಟನ್ ಎಂಬ ಊರಿನ ಪ್ರಸಂಗವನ್ನು ಹೇಳದೆ ಮುಂದೆ ಹೋಗಲಾರೆ. ಅದು ಒಹಾಯೋ ರಾಜ್ಯದ ಉಕ್ಕಿನ ಕಾರ್ಖಾನೆಗಳ ಊರು. 1933ರ ಡಿಸೆಂಬರಿನಲ್ಲಿ ಅಲ್ಲಿನ ಪತ್ರಿಕೆಯಲ್ಲಿ ಒಂದು ಪ್ರಕಟಣೆ ಬಂತು. ಬಿ. ವಿರ್ಡಾಟ್ ಎಂಬ ಹೆಸರಿನಲ್ಲಿ ಯಾರೋ ಒಬ್ಬರು, ಕಷ್ಟದಲ್ಲಿರುವ 75 ಕುಟುಂಬಗಳಿಗೆ ಕ್ರಿಸ್‌ಮಸ್‌ಗಾಗಿ ಹಣ ಕೊಡುವುದಾಗಿಯೂ, ತಮ್ಮ ಸ್ಥಿತಿಯನ್ನು ಪತ್ರದಲ್ಲಿ ಬರೆದು ತಿಳಿಸಬೇಕೆಂದೂ, ಬರೆದವರ ಹೆಸರನ್ನು ಗುಟ್ಟಾಗಿಡುವುದಾಗಿಯೂ ಹೇಳಿದ್ದರು. ಪತ್ರಗಳು ರಾಶಿಯಾಗಿ ಬಂದವು. ಬರೆದವರಲ್ಲಿ ನಿನ್ನೆ ಮೊನ್ನೆಯವರೆಗೆ ಅನುಕೂಲಸ್ಥರಾಗಿದ್ದು ಬೀದಿಗೆ ಬಿದ್ದವರೂ ಇದ್ದರು. ಅವರು ಕೇಳಿದ್ದು ಊಟ, ಬಟ್ಟೆ, ಮಕ್ಕಳ ಕಾಲಿಗೆ ಬೂಟು. ಪತ್ರಗಳ ಸಂಖ್ಯೆ ನೋಡಿದ ದಾನಿ, 75 ಮಂದಿಗೆ ತಲಾ 10 ಡಾಲರಿನ ಬದಲು 150 ಕುಟುಂಬಗಳಿಗೆ ತಲಾ 5 ಡಾಲರಿನ ಚೆಕ್ಕು ಕಳಿಸಿದರು.

ವಿರ್ಡಾಟ್ ಯಾರೆಂದು ಮುಕ್ಕಾಲು ಶತಮಾನ ಯಾರಿಗೂ ತಿಳಿಯಲಿಲ್ಲ. 2008ರಲ್ಲಿ ಟೆಡ್ ಗಪ್ ಎಂಬ ಪತ್ರಕರ್ತರಿಗೆ ಅವರ ತಾಯಿ ಒಂದು ಹಳೆಯ ಸೂಟ್‌ಕೇಸು ಕೊಟ್ಟರು. ಒಳಗೆ ಆ ಪತ್ರಗಳೂ ಚೆಕ್ಕುಗಳೂ ಇದ್ದವು. ದಾನಿ ಅವರ ತಾತನೇ, ಬಟ್ಟೆ ಅಂಗಡಿಯ ಸ್ಯಾಮ್ ಸ್ಟೋನ್. ಮೂವರು ಹೆಣ್ಣುಮಕ್ಕಳ ಹೆಸರಿನ ತುಣುಕುಗಳನ್ನು ಕೂಡಿಸಿ ವಿರ್ಡಾಟ್ ಎಂಬ ಹೆಸರು ಕಟ್ಟಿದ್ದರು. ರೊಮೇನಿಯಾದಿಂದ ವಲಸೆ ಬಂದ ಯೆಹೂದಿ ಕುಟುಂಬ ಅವರದು. ಅಂದರೆ ಕ್ರಿಸ್‌ಮಸ್ ಅವರ ಹಬ್ಬವೇ ಅಲ್ಲ. ಗಪ್ ಈ ಕಥೆಯನ್ನು 2010ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು.

ಈಗ ಅಂಗಡಿಗಳ ಕಡೆಗೆ ಬರೋಣ. ಅದೇ 1933ರಲ್ಲಿ ನವೆಂಬರಿನಲ್ಲಿ ಐದು ಗುರುವಾರಗಳಿದ್ದವು. ಕೊನೆಯ ಗುರುವಾರ 30ನೇ ತಾರೀಖು ಬಿತ್ತು. ವರ್ತಕರು ಆಗಲೇ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟರ ಬಳಿ ಹೋಗಿ ಹಬ್ಬವನ್ನು ಒಂದು ವಾರ ಮೊದಲು ಮಾಡಿಸಿರೆಂದು ಕೇಳಿದ್ದರು. ರೂಸ್‌ವೆಲ್ಟ್ ಒಪ್ಪಲಿಲ್ಲ. ಆರು ವರ್ಷಗಳ ಮೇಲೆ, 1939ರಲ್ಲಿ, ಮತ್ತೆ ಅದೇ 30ನೇ ತಾರೀಖಿನ ಪೇಚು ಬಂತು. ಲೆಕ್ಕ ಹಾಕಿ ನೋಡಿ: ಡಿಸೆಂಬರ್ 1ರಿಂದ 24ರವರೆಗೆ ನಾಲ್ಕು ಭಾನುವಾರ ಕಳೆದರೆ ವ್ಯಾಪಾರಕ್ಕೆ ಉಳಿಯುವುದು 20 ದಿನ. ಹಬ್ಬ 23ಕ್ಕೆ ಬಂದರೆ 26 ದಿನ. 1937-38ರಲ್ಲಿ ವ್ಯಾಪಾರ ಇನ್ನೊಮ್ಮೆ ಮಂಕಾಗಿತ್ತು, ನಿರುದ್ಯೋಗ ಇನ್ನೂ ಇಳಿದಿರಲಿಲ್ಲ. ಒಹಾಯೋದ ದೊಡ್ಡ ಅಂಗಡಿಗಳ ಒಡೆಯರಾದ ಫ್ರೆಡ್ ಲಜಾರಸ್ ಮತ್ತು ಚಿಲ್ಲರೆ ವರ್ತಕರ ಸಂಘದವರು ವಾಣಿಜ್ಯ ಕಾರ್ಯದರ್ಶಿ ಹ್ಯಾರಿ ಹಾಪ್ಕಿನ್ಸ್‌ರವರ ಮುಂದೆ ಈ ಆರು ದಿನಗಳ ಮಹತ್ವವನ್ನು ಒತ್ತಿ ಹೇಳಿದರು. ಈ ಸಲ ರೂಸ್‌ವೆಲ್ಟ್ ಮಣಿದರು. ಆಗಸ್ಟಿನಲ್ಲಿ ಕ್ಯಾಂಪೊಬೆಲ್ಲೊ ದ್ವೀಪದಲ್ಲಿ ವಿಶ್ರಾಂತಿಯಲ್ಲಿದ್ದಾಗ ಸುದ್ದಿಗಾರರ ಮುಂದೆ, ಈ ವರ್ಷ ಹಬ್ಬ ನವೆಂಬರ್ 23ಕ್ಕೆ ಎಂದು ತಿಳಿಸಿದರು. ಆ ತಾರೀಖಿಗೆ ವಿಶೇಷ ಪಾವಿತ್ರ್ಯವೇನೂ ಇಲ್ಲ ಎಂಬುದು ಅವರ ವಾದ.

ವಾದ ಸರಿಯೇ ಇರಬಹುದು. ಆದರೆ ಜನರ ಹಬ್ಬದ ವಿಷಯದಲ್ಲಿ ಆಗಸ್ಟಿನಲ್ಲಿ ಎದ್ದು ನವೆಂಬರನ್ನು ಬದಲಿಸುವುದು ಜಾಣತನವಾಗಿರಲಿಲ್ಲ ಎಂದೇ ನನ್ನ ಅಭಿಪ್ರಾಯ. ಕ್ಯಾಲೆಂಡರು ಮುದ್ರಿಸುವವರು ಗಾಬರಿಯಾದರು, ಮುಂದಿನ ವರ್ಷದ್ದೂ ಅಚ್ಚಾಗಿತ್ತು. ಹಬ್ಬದ ದಿನಕ್ಕೆಂದು ಗೊತ್ತಾಗಿದ್ದ ಕಾಲೇಜು ಫುಟ್‌ಬಾಲ್ ಪಂದ್ಯಗಳ ಪಟ್ಟಿ ತಲೆಕೆಳಗಾಯಿತು. 1936ರಲ್ಲಿ ರೂಸ್‌ವೆಲ್ಟರೆದುರು ಸೋತಿದ್ದ ಆಲ್ಫ್ ಲ್ಯಾಂಡನ್ ಇದನ್ನು ಹಿಟ್ಲರನ ವರ್ತನೆಗೆ ಹೋಲಿಸಿದರು. ಅಟ್ಲಾಂಟಿಕ್ ಸಿಟಿಯ ಮೇಯರ್ ಇನ್ನೂ ಚುರುಕಾಗಿ, ಅಧ್ಯಕ್ಷರ ಹೆಸರನ್ನೇ ಸೇರಿಸಿ 'ಫ್ರಾಂಕ್ಸ್‌ಗಿವಿಂಗ್' ಎಂದು ಹೆಸರಿಟ್ಟರು. ಅದು ಇಂದಿಗೂ ಉಳಿದಿದೆ. ಜನಾಭಿಪ್ರಾಯ ಸಮೀಕ್ಷೆಯಲ್ಲಿಯೂ ಬಹುಸಂಖ್ಯಾತರು ಬದಲಾವಣೆ ಬೇಡವೆಂದರು.

ಅಧ್ಯಕ್ಷರ ಘೋಷಣೆ ರಾಜಧಾನಿಗೂ ಕೇಂದ್ರದ ನೌಕರರಿಗೂ ಮಾತ್ರ ಅನ್ವಯ. ರಾಜ್ಯಗಳು ತಮಗೆ ತೋಚಿದಂತೆ ನಡೆಯಬಹುದು. ಆಗಿದ್ದ 48 ರಾಜ್ಯಗಳು ಹೆಚ್ಚು ಕಡಿಮೆ ಅರ್ಧಕ್ಕರ್ಧ ಒಡೆದವು. ನ್ಯೂಯಾರ್ಕ್ 23ನ್ನು ಹಿಡಿಯಿತು, ನೆರೆಯ ಕನೆಕ್ಟಿಕಟ್ 30ಕ್ಕೇ ಅಂಟಿಕೊಂಡಿತು. ಈ ಹಬ್ಬದ ತವರೆನಿಸಿದ ಪ್ಲಿಮತ್ ಇರುವ ಮಸಾಚುಸೆಟ್ಸ್ ಕೂಡ ಹಳೆಯ ದಿನವನ್ನೇ ಉಳಿಸಿಕೊಂಡಿತು. ಟೆಕ್ಸಾಸ್ ಮತ್ತು ಕೊಲೊರಾಡೊ ಎರಡೂ ದಿನ ಆಚರಿಸಿ ಯಾರನ್ನೂ ನೋಯಿಸದೆ ಪಾರಾದವು. ತೊಂದರೆಯಾದದ್ದು ಗಡಿಯ ಆಚೀಚೆ ಹಂಚಿಹೋಗಿದ್ದ ಸಂಸಾರಗಳಿಗೆ. ಮಗನಿಗೆ ರಜೆ ಇರುವ ದಿನ ತಂದೆಗೆ ಕೆಲಸ.

ಅಂಗಡಿಯವರೆಲ್ಲ ಒಂದೇ ದನಿಯಲ್ಲಿ ಇದನ್ನು ಬಯಸಿದರೆಂದು ತಿಳಿಯಬೇಡಿ. ಬ್ರೂಕ್ಲಿನ್ನಿನ ಒಂದು ಚಿಕ್ಕ ಉಡುಪಿನ ಅಂಗಡಿಯವರು ಅಧ್ಯಕ್ಷರಿಗೆ ಬರೆದ ಪತ್ರದಲ್ಲಿ ಅನುಭವದ ಮಾತಿದೆ. ದಿನಗಳು ಕಡಿಮೆಯಿದ್ದರೆ ದೊಡ್ಡ ಅಂಗಡಿಗಳಲ್ಲಿ ನೂಕುನುಗ್ಗಲಾಗುತ್ತದೆ, ಅಲ್ಲಿ ಹಿಡಿಸಲಾರದ ಗಿರಾಕಿ ಬೀದಿಯ ಚಿಕ್ಕ ಅಂಗಡಿಗೆ ಬರುತ್ತಾನೆ, ದಿನ ಹೆಚ್ಚಾದರೆ ಅವನೂ ದೊಡ್ಡ ಅಂಗಡಿಗೇ ಹೋಗುತ್ತಾನೆ ಎಂಬುದು ಅವರ ಲೆಕ್ಕ. 'ವ್ಯಾಪಾರಕ್ಕೆ ಒಳ್ಳೆಯದು' ಎಂದು ಯಾರಾದರೂ ಹೇಳಿದಾಗ, ಯಾವ ವ್ಯಾಪಾರಿಗೆ ಎಂದು ಕೇಳಿಕೊಳ್ಳುವ ಅಭ್ಯಾಸ ಇಂಥ ಪತ್ರಗಳನ್ನು ಓದಿದರೆ ತಾನಾಗಿ ಬರುತ್ತದೆ.

ಅದೇ 1939ರ ಹಬ್ಬದಲ್ಲಿ ಷಿಕಾಗೊದ ಮಾಂಟ್‌ಗೊಮೆರಿ ವಾರ್ಡ್ ಕಂಪನಿ ಬೇರೆ ದಾರಿ ಹಿಡಿಯಿತು. ಮಕ್ಕಳಿಗೆ ಬಿಟ್ಟಿ ಹಂಚುವ ಪುಸ್ತಕವನ್ನು ಹೊರಗಿನಿಂದ ಕೊಳ್ಳುವ ಬದಲು ತನ್ನ ಜಾಹೀರಾತು ವಿಭಾಗದ ರಾಬರ್ಟ್ ಮೇ ಎಂಬವರಿಂದಲೇ ಬರೆಸಿತು. ಅವರ ಪತ್ನಿ ಆ ಬೇಸಗೆಯಲ್ಲಷ್ಟೇ ಕ್ಯಾನ್ಸರಿನಿಂದ ತೀರಿಕೊಂಡಿದ್ದರು. ಅವರು ಬರೆದದ್ದು ಕೆಂಪು ಮೂಗಿನ ಜಿಂಕೆ ರುಡಾಲ್ಫನ ಕಥೆ. ಮೊದಲ ವರ್ಷವೇ 24 ಲಕ್ಷ ಪ್ರತಿ ಹಂಚಿದರು. ಖರ್ಚು ಉಳಿಸಲು ಮಾಡಿದ ಈ ಬಿಟ್ಟಿ ಪುಸ್ತಕ, ಅಧ್ಯಕ್ಷರು ಕೊಡಿಸಿದ ಆರು ದಿನಗಳಿಗಿಂತ ಹೆಚ್ಚು ಬಾಳಿಕೆ ಬಂತು!

1940 ಮತ್ತು 41ರಲ್ಲಿ ಐದು ಗುರುವಾರಗಳಿರಲಿಲ್ಲ. ಆದರೂ ರೂಸ್‌ವೆಲ್ಟ್ ಹಟ ಬಿಡದೆ ಹಬ್ಬವನ್ನು 21ಕ್ಕೂ 20ಕ್ಕೂ ಇಟ್ಟರು. ಅಷ್ಟರಲ್ಲಿ ವ್ಯಾಪಾರದ ಅಂಕಿಅಂಶಗಳು ಕೈಗೆ ಬಂದವು. ಬೇಗ ಹಬ್ಬ ಮಾಡಿದ್ದರಿಂದ ಮಾರಾಟ ಹೇಳಿಕೊಳ್ಳುವಷ್ಟು ಹೆಚ್ಚಿರಲಿಲ್ಲ. ಕಾರಣ ಗೃಹಿಣಿಯರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಉಡುಗೊರೆಗೆಂದು 20 ಡಾಲರು ತೆಗೆದಿಟ್ಟವರು ಅದನ್ನು 20 ದಿನಗಳಲ್ಲಾದರೂ 26 ದಿನಗಳಲ್ಲಾದರೂ ಖರ್ಚು ಮಾಡಬಹುದು. ಮೊತ್ತ ಬೆಳೆಯಬೇಕಾದರೆ ಸಂಬಳ ಬೆಳೆಯಬೇಕು. 1941ರ ಮೇ ತಿಂಗಳಲ್ಲಿ ರೂಸ್‌ವೆಲ್ಟ್ ಪ್ರಯೋಗ ಫಲಿಸಲಿಲ್ಲವೆಂದು ತಾವೇ ಒಪ್ಪಿಕೊಂಡರು. ರಾಜಕಾರಣಿಗಳಲ್ಲಿ ಇದು ಅಪರೂಪ.

ಬಳಿಕ ವಿಷಯ ಕಾಂಗ್ರೆಸ್ಸಿಗೆ ಹೋಯಿತು. ಪ್ರತಿನಿಧಿ ಸಭೆ ಕೊನೆಯ ಗುರುವಾರವೆಂದಿತು. ಸೆನೆಟ್ ಅದನ್ನು ನಾಲ್ಕನೆಯ ಗುರುವಾರವೆಂದು ತಿದ್ದಿತು. 1941ರ ಡಿಸೆಂಬರ್ 26ರಂದು ರೂಸ್‌ವೆಲ್ಟ್ ಸಹಿ ಹಾಕಿದರು. ನಾಲ್ಕನೆಯ ಗುರುವಾರ 22ರಿಂದ 28ರೊಳಗೆ ಮಾತ್ರ ಬರಬಲ್ಲುದು. ಅಂದರೆ ವರ್ತಕರನ್ನು ಕಾಡಿದ್ದ 29, 30ನೇ ತಾರೀಖುಗಳು ಶಾಶ್ವತವಾಗಿ ತಪ್ಪಿದವು. ಗದ್ದಲದಲ್ಲಿ ಅಧ್ಯಕ್ಷರು ಸೋತರೂ ಅಂಗಡಿಗಳು ಪೂರ್ತಿ ಸೋಲಲಿಲ್ಲ. ಸಹಿ ಬೀಳುವ ಹೊತ್ತಿಗೆ ಪರ್ಲ್ ಹಾರ್ಬರ್ ಮೇಲೆ ದಾಳಿ ನಡೆದು ಮೂರು ವಾರವಾಗುತ್ತಿತ್ತು. ಯುದ್ಧಸಾಮಗ್ರಿಯ ಕಾರ್ಖಾನೆಗಳು ಜನರಿಗೆ ಕೆಲಸ ಕೊಡತೊಡಗಿದ್ದವು. ಇನ್ನು ಕೆಲವೇ ದಿನಗಳಲ್ಲಿ ಸಂಬಳವಿದ್ದರೂ ಕೊಳ್ಳಲು ಸಾಮಾನಿಲ್ಲದ ರೇಷನ್ನಿನ ಕಾಲ ಬರಲಿತ್ತು. 1942ರ 'ಹಾಲಿಡೇ ಇನ್' ಚಲನಚಿತ್ರವನ್ನು ನೀವು ನೋಡಿದರೆ, ಕ್ಯಾಲೆಂಡರಿನ ಎರಡು ಗುರುವಾರಗಳ ನಡುವೆ ಅತ್ತಿಂದಿತ್ತ ಓಡಾಡಿ ಕೊನೆಗೆ ಹೆಗಲು ಕುಣಿಸುವ ಟರ್ಕಿ ಕೋಳಿಯೊಂದು ಕಾಣುತ್ತದೆ. ಅಂದಿನ ಪ್ರೇಕ್ಷಕರಿಗೆ ಅದನ್ನು ವಿವರಿಸಬೇಕಾಗಿರಲಿಲ್ಲ.

ಹಬ್ಬದ ಖರ್ಚಿನಿಂದ ಪೇಟೆಯನ್ನು ಎತ್ತುವ ಆಲೋಚನೆ ನಮ್ಮ ದೇಶಕ್ಕೂ ಬಂದಿದೆ. ಕೊರೋನಾ ಕಾಲದಲ್ಲಿ, 2020ರ ಅಕ್ಟೋಬರ್ 12ರಂದು, ಕೇಂದ್ರ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಸರಕಾರಿ ನೌಕರರಿಗೆ ಬಡ್ಡಿಯಿಲ್ಲದ 10,000 ರೂಪಾಯಿಗಳ ಹಬ್ಬದ ಮುಂಗಡವನ್ನು ಪ್ರಕಟಿಸಿದರು. ಅದನ್ನು ಹತ್ತು ಕಂತುಗಳಲ್ಲಿ ಹಿಂದಿರುಗಿಸಬೇಕು. ಹಣ ಕೈಗೆ ಸಿಗದು, ಕಾರ್ಡಿನಲ್ಲಿ ಬರುತ್ತದೆ, 2021ರ ಮಾರ್ಚ್ 31ರೊಳಗೆ ಖರ್ಚು ಮಾಡಲೇಬೇಕು. ಕೂಡಿಡುವ ದಾರಿಯನ್ನು ಮುಚ್ಚುವುದೇ ಈ ನಿಬಂಧನೆಯ ಉದ್ದೇಶ. ರೂಸ್‌ವೆಲ್ಟರಿಗೆ ಹೋಲಿಸಿದರೆ ಇಲ್ಲಿ ದಿನದ ಬದಲು ದುಡ್ಡು ಕೊಟ್ಟರು, ಆದರೆ ಅದು ಸಾಲದ ದುಡ್ಡು, ಮತ್ತು ಸಿಕ್ಕಿದ್ದು ಸಂಬಳ ನಿಲ್ಲದೆ ಬರುತ್ತಿದ್ದ ವರ್ಗಕ್ಕೆ. ಆ ವರ್ಷ ಕೆಲಸ ಕಳೆದುಕೊಂಡು ನಗರಗಳಿಂದ ಊರಿಗೆ ನಡೆದು ಹೋದವರ ಕೈಗೆ ಆ ಕಾರ್ಡು ಬರುವ ದಾರಿಯಿರಲಿಲ್ಲ.