ಗಂಟಿನಲ್ಲಿ ಉಳಿದ ಚರಿತ್ರೆ

ಲಿಪಿಯಿಲ್ಲದ ಜನಕ್ಕೆ ಪುರಾಣವುಂಟು, ಚರಿತ್ರೆಯಿಲ್ಲ ಎಂದು ತರಗತಿಯಲ್ಲಿ ಎಷ್ಟೋ ವರ್ಷ ಹೇಳುತ್ತ ಬಂದವನು ನಾನು. ಶಾಸನ, ಓಲೆಗರಿ, ಕಡತ ಇವುಗಳಿಂದಾಚೆಗೆ ಗತಕಾಲಕ್ಕೆ ಸಾಕ್ಷಿಯುಂಟೆಂದು ನನಗೆ ತೋರಿರಲಿಲ್ಲ. ಆ ನಂಬಿಕೆಯನ್ನು ಅಲುಗಿಸಿದ್ದು ಟೋಂಗಾ ದ್ವೀಪಗಳಲ್ಲಿ ಹುಟ್ಟಿದ ಶಿಲ್ಪಿಯೊಬ್ಬರ ಕೆಲಸ. ಅವರ ಹೆಸರು ಫಿಲಿಪೆ ತೋಹಿ.

ಟೋಂಗಾ ದಕ್ಷಿಣ ಶಾಂತಸಾಗರದ ಪುಟ್ಟ ರಾಜ್ಯ. 1773ರಲ್ಲಿ ಕ್ಯಾಪ್ಟನ್ ಕುಕ್ ಅಲ್ಲಿಗೆ ಮೊದಲ ಸಲ ಹೋದಾಗ ಆ ಜನರಲ್ಲಿ ಬರವಣಿಗೆಯಿರಲಿಲ್ಲ. ಮೊಳೆ ಹೊಡೆದು ಮನೆ ಕಟ್ಟುವ ರೂಢಿಯೂ ಇರಲಿಲ್ಲ. ಆದರೂ ಅವರಿಗೆ ವಿಶಾಲವಾದ ಮನೆಗಳಿದ್ದುವು, ಫಿಜಿ ಸಮೋವಾಗಳವರೆಗೆ ಹೋಗಿಬರುವ ಜೋಡುದೋಣಿಗಳಿದ್ದುವು. ಅವೆಲ್ಲ ನಿಂತದ್ದು ಹಗ್ಗದ ಬಿಗಿತದ ಮೇಲೆ. ತೆಂಗಿನ ಸಿಪ್ಪೆಯನ್ನು ನೆನೆಹಾಕಿ, ಬಡಿದು, ನಾರು ಬಿಡಿಸಿ, ತೊಡೆಯ ಮೇಲೆ ಹೊಸೆದು ಹೆಣೆದರೆ ‘ಕಫಾ’ ಎಂಬ ಹುರಿಯಾಗುತ್ತದೆ. ನಾರು ತೆಗೆದು ಹಗ್ಗ ಹೊಸೆಯುವುದನ್ನು ನಮ್ಮ ಕರಾವಳಿಯವರಿಗೆ ವಿವರಿಸಬೇಕಾಗಿಲ್ಲ. ಮುಂದಿನ ಕೆಲಸ ಬೇರೆ. ತೊಲೆ ಕಂಬವನ್ನು ಕೂಡುವಲ್ಲಿ ಆ ಹುರಿಯನ್ನು ಸುತ್ತಿ ಸುತ್ತಿ ಬಿಗಿಯುವ ವಿದ್ಯೆಗೆ ‘ಲಲವಾ’ ಎಂದು ಹೆಸರು. ಅದನ್ನು ಬಲ್ಲ ಕುಶಲಿಗಳು ‘ತುಫುಂಗಾ ಲಲವಾ’. ಕಪ್ಪು ಮತ್ತು ಕೆಂಗಂದು ಎಳೆಗಳು ಒಂದರ ಮೇಲೊಂದು ಹಾಯುವಾಗ ವಿನ್ಯಾಸಗಳು ತಾವಾಗಿ ಮೂಡುತ್ತವೆ. ಒಂದೊಂದಕ್ಕೂ ಹೆಸರುಂಟು, ‘ಮನುಲುವಾ’ ಎಂದರೆ ಎರಡು ಹಕ್ಕಿ. ಸುತ್ತಿನ ಲೆಕ್ಕ ಒಂದು ತಪ್ಪಿದರೂ ಹಕ್ಕಿ ಮೂಡದು. ಕಂದಪದ್ಯದ ಮಾತ್ರೆಗಳನ್ನು ಬೆರಳಲ್ಲಿ ಎಣಿಸಿ ಬಲ್ಲವರಿಗೆ ಈ ಕಷ್ಟ ಸುಲಭವಾಗಿ ಅರ್ಥವಾದೀತು.

1831ರಲ್ಲಿ ಪಾದ್ರಿಗಳ ಮುದ್ರಣಾಲಯ ಅಲ್ಲಿ ಕೆಲಸ ಆರಂಭಿಸಿತು. ಕಾಲಕ್ರಮದಲ್ಲಿ ಮೊಳೆ, ಕುಯ್ದ ಹಲಗೆ, ತಗಡು ಬಂದುವು. ಅಕ್ಷರ ಬಂದ ಊರಿನಲ್ಲಿ ಗಂಟಿಗೆ ಕೆಲಸ ತಪ್ಪಿತು.

ತೋಹಿ ಹುಟ್ಟಿದ್ದು 1959ರಲ್ಲಿ. 1978ರಲ್ಲಿ ನ್ಯೂಜಿಲೆಂಡಿಗೆ ಹೋದರು. ನ್ಯೂ ಪ್ಲಿಮತ್ ನಗರದ ರಂಗಿಮಾರಿಯೆ ಎಂಬ ಮಾವೊರಿ ಕಲಾಕೇಂದ್ರದಲ್ಲಿ ಕೆತ್ತನೆ ಕಲಿತರು. ದಾಯಾದಿ ಜನದ ಕಲೆಯನ್ನು ಕೈಹತ್ತಿಸಿಕೊಂಡ ಮೇಲೆ ಅವರ ಗಮನ ತಮ್ಮವರ ಗಂಟಿನ ಕಡೆ ಹೊರಳಿದ್ದು ನನಗೆ ಸೋಜಿಗವೆನಿಸುತ್ತದೆ. ಲಲವಾ ಬರಿಯ ಸಿಂಗಾರವಲ್ಲ, ಹಿರಿಯರ ಅರಿವನ್ನು ಹಿಡಿದಿಟ್ಟ ಭಾಷೆ ಎಂಬುದು ಅವರ ವಾದ. ವಾದಕ್ಕಿಂತ ದೊಡ್ಡದು ಅವರ ಕೃತಿ. ಅವರು ಕಂಬವನ್ನೂ ತೊಲೆಯನ್ನೂ ತೆಗೆದುಬಿಟ್ಟರು. ಹುರಿ ನಡೆದ ದಾರಿಯನ್ನಷ್ಟೇ ಉಳಿಸಿಕೊಂಡು, ಅದನ್ನು ಅಲ್ಯೂಮಿನಿಯಮ್ಮಿನಲ್ಲಿ, ಮರದಲ್ಲಿ, ಕಲ್ಲಿನಲ್ಲಿ ನಿಲ್ಲಿಸಿದರು. ಮನೆಯ ಮಾಡಿನ ನೆರಳಲ್ಲಿದ್ದ ಗಂಟು ಹೀಗೆ ಬಯಲಿಗೆ ಬಂದು, ಹೋಗಿಬರುವವರ ಕಣ್ಣಿಗೆ ಬೀಳುವಂತಾಯಿತು.

ಆಕ್ಲೆಂಡ್ ವಿಶ್ವವಿದ್ಯಾನಿಲಯದಲ್ಲಿ 2004ರಲ್ಲಿ ತೆರೆದ ‘ಫಾಲೆ ಪಸಿಫಿಕಾ’ ಎಂಬ ಸಭಾಭವನಕ್ಕೂ ಅವರದೇ ಲಲವಾ. ಅದು ಆಧುನಿಕ ಎಂಜಿನಿಯರುಗಳು ಕಟ್ಟಿದ ಭವನ. ನಿಲ್ಲುವುದಕ್ಕೆ ಹುರಿಯ ಹಂಗಿಲ್ಲ. ಹಾಗಾದರೆ ಇದೂ ಕಡೆಗೆ ಅಲಂಕಾರವೇ ಆಯಿತಲ್ಲ ಎಂಬ ಸಂಶಯ ನನ್ನನ್ನು ಕಾಡದಿರಲಿಲ್ಲ. ಆದರೆ ಅಲಂಕಾರಕ್ಕೆಂದು ಕಟ್ಟಿದರೂ ಸುತ್ತುಗಳನ್ನು ಎಣಿಸಿಯೇ ಕಟ್ಟಬೇಕು. ಆ ಎಣಿಕೆ ಪುಸ್ತಕದಿಂದ ಬಂದುದಲ್ಲ, ಕೈಯಿಂದ ಕೈಗೆ ಬಂದುದು. ನಮ್ಮ ಓಲೆಗರಿಗಳೂ ಪ್ರತಿಕಾರರ ಕೈಗಳನ್ನು ದಾಟಿಯೇ ಬಂದುವು. ದಾರಿಯಲ್ಲಿ ಅವುಗಳಿಗಂಟಿದ ಅಪಪಾಠಗಳ ಲೆಕ್ಕ ನನಗೆ ಗೊತ್ತು.

ನನ್ನ ಹಳೆಯ ವಿದ್ಯಾರ್ಥಿಗಳು ಯಾರಾದರೂ ಇದನ್ನು ಕೇಳುತ್ತಿದ್ದರೆ, ನಾನು ಬರೆಯಿಸಿದ್ದ ಆ ಟಿಪ್ಪಣಿಯನ್ನು ದಯವಿಟ್ಟು ತಿದ್ದಿಕೊಳ್ಳಬೇಕು.