ಹೆಣ್ಣುಮಗು ಹುಟ್ಟಿದ ಸಂಭ್ರಮದ ಹಬ್ಬ

ಮಳೆ ಚೆನ್ನಾಗಿ ಬಿದ್ದ ವರ್ಷ ಆಗಸ್ಟ್ ಕೊನೆಯ ಹೊತ್ತಿಗೆ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಕಾವೇರಿ ತುಂಬಿ ಧುಮುಕುತ್ತಿರುತ್ತದೆ. ಗಗನಚುಕ್ಕಿ, ಭರಚುಕ್ಕಿಗಳಾಗಿ ಕವಲೊಡೆದು ಮತ್ತೆ ಒಂದಾಗುವ ನದಿ ತಮಿಳುನಾಡಿನ ಬಯಲನ್ನು ಹಾಯ್ದು ಕಡಲು ಸೇರುತ್ತದೆ. ಆ ಬಯಲಿನ ಕಡಲಂಚಿನಲ್ಲೇ ಇದೆ ವೇಳಾಂಕಣಿ. ಅಲ್ಲಿ ಪ್ರತಿವರ್ಷ ಆಗಸ್ಟ್ 29ರಂದು ಧ್ವಜಾರೋಹಣ, ಸೆಪ್ಟೆಂಬರ್ 8ರಂದು ಹಬ್ಬ. ಕಾವಿ ಬಟ್ಟೆ ತೊಟ್ಟು ಕಾಲ್ನಡಿಗೆಯಲ್ಲಿ ಹೊರಡುವ ಹರಕೆಯವರಲ್ಲಿ ಕರ್ನಾಟಕದವರೂ ಇರುತ್ತಾರೆ.

ಸೆಪ್ಟೆಂಬರ್ 8, ಯೇಸುವಿನ ತಾಯಿ ಮರಿಯಮ್ಮನವರ ಜನ್ಮದಿನ. ಸಂತರನ್ನು ಅವರು ತೀರಿಕೊಂಡ ದಿನ ನೆನೆಯುವುದು ಕ್ಯಾಥೊಲಿಕ್ ಕ್ರೈಸ್ತರ ಸಾಮಾನ್ಯ ವಾಡಿಕೆ. ಹುಟ್ಟಿದ ದಿನವನ್ನು ಹಬ್ಬವಾಗಿ ಆಚರಿಸುವುದು ಮೂವರದು ಮಾತ್ರ: ಯೇಸು, ಸ್ನಾನಿಕ ಯೊವಾನ್ನ ಮತ್ತು ಮರಿಯಮ್ಮ.

ವಿಶೇಷವೆಂದರೆ ಮರಿಯಮ್ಮನ ಜನನದ ಕಥೆ ಬೈಬಲ್ಲಿನಲ್ಲಿ ಇಲ್ಲ. ಅದು ಬರುವುದು ಎರಡನೇ ಶತಮಾನದ, ಯಾಕೋಬನ ಹೆಸರಿನಲ್ಲಿರುವ ಒಂದು ಗ್ರಂಥದಲ್ಲಿ. ಚರ್ಚ್ ಅದನ್ನು ಪವಿತ್ರ ಗ್ರಂಥವೆಂದು ಒಪ್ಪಲಿಲ್ಲ. ಆದರೆ ಕಥೆ ಜನರ ಮನಸ್ಸಿನಲ್ಲಿ ಉಳಿಯಿತು. ಜೋಕಿಂ ಮತ್ತು ಅನ್ನಮ್ಮ ಮಕ್ಕಳಿಲ್ಲದ ದಂಪತಿ. ಸಂತಾನವಿಲ್ಲವೆಂದು ಕಾಣಿಕೆ ಅರ್ಪಿಸುವಾಗ ಅವಮಾನಕ್ಕೊಳಗಾದ ಜೋಕಿಂ ಮರುಭೂಮಿಗೆ ಹೋಗಿ ಉಪವಾಸ ಕೂರುತ್ತಾನೆ. ಅನ್ನಮ್ಮ ತೋಟದಲ್ಲಿ ಕುಳಿತು ಅಳುತ್ತಾಳೆ. ದೇವದೂತ ಬಂದು ಪ್ರಾರ್ಥನೆ ಫಲಿಸಿತೆನ್ನುತ್ತಾನೆ. ಹುಟ್ಟಿದ್ದು ಹೆಣ್ಣೆಂದು ಸೂಲಗಿತ್ತಿ ತಿಳಿಸಿದಾಗ ಅನ್ನಮ್ಮ ಹಿಗ್ಗುತ್ತಾಳೆ.

ಈ ಹಬ್ಬ ಮೊದಲು ಜೆರುಸಲೇಮಿನ ಸುತ್ತ ಬೆಳೆಯಿತು. ಪೋಪ್ ಒಂದನೇ ಸೆರ್ಜಿಯಸ್ (687-701) ಕಾಲಕ್ಕೆ ರೋಮಿನಲ್ಲೂ ಮೆರವಣಿಗೆಯೊಂದಿಗೆ ನಡೆಯುತ್ತಿತ್ತು.

ಅಂದು ಪೂಜೆಯಲ್ಲಿ ಓದುವ ಪಾಠವೂ ಗಮನಾರ್ಹ. ಅದು ಮತ್ತಾಯನ ಶುಭಸಂದೇಶದ ಆರಂಭದಲ್ಲಿರುವ ವಂಶಾವಳಿ. ಅಬ್ರಹಾಮನಿಂದ ತೊಡಗಿ ತಂದೆಯಿಂದ ಮಗನಿಗೆ ಸಾಗುವ ಗಂಡಸರ ಪಟ್ಟಿ. ನಡುವೆ ಬರುವ ಹೆಂಗಸರು ಐವರೇ: ತಾಮಾರ್, ರಾಹಾಬ್, ರೂತ್, ಊರೀಯನ ಹೆಂಡತಿ, ಕೊನೆಗೆ ಮರಿಯಮ್ಮ. ಅಲ್ಲಿಯವರೆಗೆ ತಂದೆಯ ಹೆಸರಿನಿಂದಲೇ ಸಾಗಿದ ಸಾಲು ಯೇಸುವಿನ ಬಳಿ ಬಂದಾಗ ತಾಯಿಯ ಹೆಸರಿಗೆ ತಿರುಗುತ್ತದೆ.

ಕನ್ನಡ ನಾಡಿನಲ್ಲಿ ಹಬ್ಬಕ್ಕೆ ಹಲವು ರೂಪಗಳಿವೆ. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಬಳಿಕ ಶ್ರೀರಂಗಪಟ್ಟಣ ಸೀಮೆಯ ಕ್ರೈಸ್ತರ ನಡುವೆ ದುಡಿದ ಫ್ರೆಂಚ್ ಪಾದ್ರಿ ಅಬ್ಬೆ ದುಬೊಯಿಸ್‌ರನ್ನು ಜನ 'ದೊಡ್ಡಸ್ವಾಮಿ' ಎನ್ನುತ್ತಿದ್ದರು. ಬೆಂಗಳೂರಿನ ಶಿವಾಜಿನಗರದ ಸಂತ ಮೇರಿ ಚರ್ಚಿನ ಮೂಲವೂ ಅವರ ಕಾಲದ ಪುಟ್ಟ ಪ್ರಾರ್ಥನಾಲಯ. 1973ರಲ್ಲಿ ಬೆಸಿಲಿಕಾ ಎನಿಸಿದ ಆ ಚರ್ಚಿನಲ್ಲಿ ಮಾತೆಗೆ ಸೀರೆ ಉಡಿಸುತ್ತಾರೆ. ಅನ್ಯಧರ್ಮೀಯರೂ ಮೇಣದಬತ್ತಿ ಹಚ್ಚಿ ಹರಕೆ ಹೊರುತ್ತಾರೆ. ಕರಾವಳಿಯಲ್ಲಿ ಇದೇ ತೆನೆಹಬ್ಬ. ಮಕ್ಕಳು ಒಂಬತ್ತು ದಿನ ಹೂವು ತಂದು ಮಾತೆಗೆ ಅರ್ಪಿಸುತ್ತಾರೆ. ಪಾದ್ರಿಗಳು ಆಶೀರ್ವದಿಸಿದ ಭತ್ತದ ತೆನೆಯನ್ನು ಮನೆಗೊಯ್ದು, ಕಾಳು ಬಿಡಿಸಿ ಹಾಲಿಗೋ ಪಾಯಸಕ್ಕೋ ಬೆರೆಸಿ, ಮನೆಮಂದಿಯೆಲ್ಲ ಕೂಡಿ ಉಣ್ಣುತ್ತಾರೆ.

ಕ್ಯಾಥೊಲಿಕರ ಪ್ರಕಾರ ಮರಿಯಮ್ಮ ದೇವರಲ್ಲ, ದೇವರ ಬಳಿ ನಮಗಾಗಿ ಬೇಡುವ ತಾಯಿ. ಪ್ರಾಟೆಸ್ಟೆಂಟರು ಆಕೆಯನ್ನು ಗೌರವಿಸಿದರೂ ಇಂಥ ಹರಕೆಗಳನ್ನು ಒಪ್ಪುವುದಿಲ್ಲ. ಸಾಮಾನ್ಯ ಭಕ್ತರಿಗಾದರೋ ಹಬ್ಬದ ಅರ್ಥ ಬದುಕಿಗೆ ಹತ್ತಿರವಾದದ್ದು. ಹುಟ್ಟಿದಾಗ ಆಕೆಯ ಮೇಲೆ ಲೋಕದ ಕಣ್ಣಿರಲಿಲ್ಲ. ಬಡ ಊರಿನ ಒಂದು ಮನೆಯ ಮಗುವಿನಲ್ಲೂ ದೇವರು ಕೆಲಸ ಆರಂಭಿಸಬಲ್ಲನೆಂಬ ಧೈರ್ಯವೇ ಅವರು ಇದರಿಂದ ಪಡೆಯುವುದು.

ಮಂಡ್ಯ ಸೀಮೆಯಲ್ಲಿ ಈ ಅರ್ಥಕ್ಕೆ ಇನ್ನಷ್ಟು ತೂಕವಿದೆ. ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸುವ ಕಾನೂನು ಬಂದದ್ದು 1994ರಲ್ಲಿ. ಆದರೂ 2011ರ ಜನಗಣತಿಯಲ್ಲಿ ಕರ್ನಾಟಕದಲ್ಲಿ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ ಇದ್ದ ಹೆಣ್ಣುಮಕ್ಕಳು 948. ಮಂಡ್ಯ ಬಳಿಯ ಆಲೆಮನೆಯೊಂದರಲ್ಲಿ ಕದ್ದು ಸ್ಕ್ಯಾನಿಂಗ್ ನಡೆಯುತ್ತಿತ್ತೆಂಬ ಪ್ರಕರಣ 2023ರ ನವೆಂಬರಿನಲ್ಲಿ ಬಯಲಾಗಿ ನಾಡೇ ಬೆಚ್ಚಿತು. ಈ ಪಿಡುಗು ಒಂದು ಜಾತಿಗೋ ಧರ್ಮಕ್ಕೋ ಸೀಮಿತವಲ್ಲ.

ಸಂತಾನ ಬೇಡುವವರು ವೇಳಾಂಕಣಿಯಲ್ಲಿ ಪುಟ್ಟ ತೊಟ್ಟಿಲು ಕಟ್ಟುತ್ತಾರೆ. ಅವರ ಹಾಗೆಯೇ ಬೇಡಿಕೊಂಡ ಅನ್ನಮ್ಮನಿಗೆ ದೊರೆತದ್ದು ಹೆಣ್ಣುಮಗು. ಆ ಮಗುವಿನ ಜನ್ಮದಿನವೇ ಈ ಹಬ್ಬ. ತೊಟ್ಟಿಲು ಕಟ್ಟುವ ಕೈಗಳು ಇದನ್ನು ನೆನೆದರೆ ಹರಕೆ ಅರ್ಧ ಸಂದಂತೆ.