ನಾಯಿಮರಿಗಳ ನಿದ್ರೆ ಹಾಗೂ ಪಾಲನಾ ಕ್ರಮಗಳು

ನಾಯಿಮರಿಯು ದಿನದ ಬಹುಭಾಗವನ್ನು ನಿದ್ರೆಯಲ್ಲಿ ಕಳೆಯುವುದು ಸ್ವಾಭಾವಿಕ. ಇದನ್ನರಿಯದೆ ಮರಿಯನ್ನು ಪದೇ ಪದೇ ಎಬ್ಬಿಸುವುದು ಹಾಗೂ ಕಾಯಿಲೆಯ ಮಂಕನ್ನು ನಿದ್ರೆಯೆಂದು ಭಾವಿಸಿ ಚಿಕಿತ್ಸೆ ವಿಳಂಬಿಸುವುದು ಎರಡೂ ಹಾನಿಕರ. ಆದ್ದರಿಂದ ಸಾಕುವವರು ಕೆಳಕಂಡ ಅಂಶಗಳನ್ನು ತಿಳಿದಿರುವುದು ಅವಶ್ಯಕ.

ವಯಸ್ಸಿಗನುಗುಣವಾಗಿ ನಿದ್ರೆ

• ಹುಟ್ಟಿನಿಂದ 2 ವಾರ: ಹಾಲು ಕುಡಿಯುವ ವೇಳೆಯನ್ನುಳಿದು ಹೆಚ್ಚುಕಡಿಮೆ ಸದಾ ನಿದ್ರೆ. ಕಣ್ಣುಗಳು ಸಾಮಾನ್ಯವಾಗಿ 10 ರಿಂದ 14 ದಿನಗಳಲ್ಲಿ ತೆರೆಯುತ್ತವೆ. ನಿದ್ರೆಯಲ್ಲಿ ಮೈ ಅದುರುವುದು, ಕಾಲು ಆಡಿಸುವುದು ಸಹಜ.
• 3 ರಿಂದ 7 ವಾರ: ಎಚ್ಚರವಾಗಿ ಆಡುವ ಅವಧಿ ಕ್ರಮೇಣ ಹೆಚ್ಚುತ್ತದೆ.
• 8 ರಿಂದ 16 ವಾರ: ದಿನಕ್ಕೆ ಸುಮಾರು 18 ರಿಂದ 20 ಗಂಟೆ. ಆಟದ ನಡುವೆಯೇ ಮಲಗಿಬಿಡುವುದುಂಟು.
• ಪ್ರಾಯದ ನಾಯಿ: ಸುಮಾರು 12 ರಿಂದ 14 ಗಂಟೆ.

ನಿದ್ರೆಯ ಮಹತ್ವ

ಶರೀರದ ಬೆಳವಣಿಗೆ ಹಾಗೂ ಮಿದುಳಿನ ವಿಕಾಸಕ್ಕೆ ನಿದ್ರೆ ಅತ್ಯಗತ್ಯ. ನಿದ್ರೆ ಸಾಲದ ಮರಿಯು ಅತಿಯಾಗಿ ಓಡಾಡುವುದು, ಕೈಕಾಲು ಕಚ್ಚುವುದು ಮುಂತಾದ ವರ್ತನೆ ತೋರುತ್ತದೆ. ಇಂತಹ ಮರಿಯನ್ನು ದಂಡಿಸದೆ ಶಾಂತ ಸ್ಥಳದಲ್ಲಿ ಮಲಗಿಸತಕ್ಕದ್ದು. ಮಲಗಿರುವ ಮರಿಯನ್ನು ಮುಟ್ಟದಂತೆ ಮಕ್ಕಳಿಗೆ ತಿಳಿಹೇಳಬೇಕು. ಬೆಚ್ಚಿಬಿದ್ದ ಮರಿ ಕಚ್ಚುವ ಸಂಭವವಿರುತ್ತದೆ.

ಮಲಗುವ ಸ್ಥಳ

1. ಸ್ಥಳವು ಒಣಗಿದ್ದು, ಗಾಳಿಯಾಡುವಂತಿದ್ದು, ಬಿಸಿಲು ಹಾಗೂ ಮಳೆಯ ಇರಚಲಿನಿಂದ ದೂರವಿರಬೇಕು.
2. ಬರಿನೆಲದ ಮೇಲೆ ಮಲಗಿಸದೆ, ಒಗೆದ ಗೋಣಿಚೀಲ ಅಥವಾ ಹಳೆಯ ಹತ್ತಿಬಟ್ಟೆಯನ್ನು ಹಾಸುವುದು. ಮುಧೋಳದಂತಹ ಗಿಡ್ಡಕೂದಲಿನ, ತೆಳುಮೈಯ ತಳಿಗಳಿಗೆ ದಪ್ಪ ಹಾಸು ಸೂಕ್ತ.
3. ಮೊದಲ 2 ರಿಂದ 3 ವಾರ ಮರಿಗಳು ತಮ್ಮ ದೇಹದ ಉಷ್ಣತೆಯನ್ನು ತಾವೇ ಕಾಯ್ದುಕೊಳ್ಳಲಾರವು. ತಾಯಿಯಿಲ್ಲದ ಮರಿಗಳಿಗೆ ಪೆಟ್ಟಿಗೆಯ ಒಂದು ಬದಿಯಲ್ಲಿ ಮಾತ್ರ ಶಾಖ ಒದಗಿಸಿದಲ್ಲಿ, ಹೆಚ್ಚೆನಿಸಿದಾಗ ಅವು ಮತ್ತೊಂದು ಬದಿಗೆ ಸರಿಯಬಲ್ಲವು.

ರಾತ್ರಿಯ ಆರೈಕೆ

ನಾಯಿ ಸಾಕಣೆ ಮತ್ತು ಮಾರಾಟ ನಿಯಮಗಳು, 2017 ರನ್ವಯ 8 ವಾರ ತುಂಬದ ಮರಿಗಳ ಮಾರಾಟ ನಿಷಿದ್ಧ. ತಾಯಿಯನ್ನು ಅಗಲಿದ ಮರಿಯು ಮೊದಲ ಕೆಲವು ರಾತ್ರಿ ಅಳುವುದು ಸಾಮಾನ್ಯ. ಮನೆಯವರ ಸಮೀಪ ಮಲಗಿಸಿದಲ್ಲಿ ಬೇಗ ಹೊಂದಿಕೊಳ್ಳುತ್ತದೆ. ಮಲಗುವ ಮುನ್ನ ಹಾಗೂ ಎದ್ದ ಕೂಡಲೇ ಮಲಮೂತ್ರ ವಿಸರ್ಜನೆಗೆ ಕರೆದೊಯ್ಯಬೇಕು. ಈ ವಯಸ್ಸಿನಲ್ಲಿ ಮೂತ್ರ ತಡೆಯುವ ಶಕ್ತಿ ಕಡಿಮೆಯಿರುವುದರಿಂದ ರಾತ್ರಿ ಒಮ್ಮೆಯಾದರೂ ಎಬ್ಬಿಸಬೇಕಾಗಬಹುದು.

ಎಚ್ಚರಿಕೆಯ ಲಕ್ಷಣಗಳು

ಆರೋಗ್ಯವಂತ ಮರಿಯು ಎದ್ದಾಗ ಚುರುಕಾಗಿದ್ದು, ಹಸಿವಿನಿಂದ ಆಹಾರ ಸೇವಿಸುತ್ತದೆ. ಕೆಳಕಂಡ ಲಕ್ಷಣಗಳು ಕಂಡುಬಂದಲ್ಲಿ ತಡಮಾಡಬಾರದು:

• ಎಬ್ಬಿಸಿದರೂ ಏಳದಿರುವುದು, ತೂರಾಡುವುದು
• ಆಹಾರ ಅಥವಾ ಹಾಲು ಬಿಡುವುದು
• ವಾಂತಿ, ರಕ್ತಮಿಶ್ರಿತ ಭೇದಿ
• ಬಿಳಿಚಿದ ಒಸಡು, ತಣ್ಣಗಾದ ಮೈ
• ಎಬ್ಬಿಸಿದರೂ ನಿಲ್ಲದ ಅದುರುವಿಕೆ

ಇವು ಪಾರ್ವೊ ರೋಗ, ಜಂತುಬಾಧೆ ಅಥವಾ ರಕ್ತದಲ್ಲಿ ಸಕ್ಕರೆಯ ಕೊರತೆಯ ಸೂಚನೆಗಳಾಗಿರಬಹುದು. ಪಾರ್ವೊ ರೋಗವು ಲಸಿಕೆ ಪಡೆಯದ ಮರಿಗಳಲ್ಲಿ ಕೆಲವೇ ದಿನಗಳಲ್ಲಿ ಸಾವು ತರಬಲ್ಲದು. ಮನೆಮದ್ದಿನಲ್ಲಿ ಕಾಲಹರಣ ಮಾಡದೆ ಕೂಡಲೇ ಸಮೀಪದ ಪಶುವೈದ್ಯಾಲಯವನ್ನು ಸಂಪರ್ಕಿಸುವುದು. ಜಂತುನಾಶಕ ಔಷಧಿ ಹಾಗೂ ಲಸಿಕೆಗಳನ್ನು ಪಶುವೈದ್ಯರ ಸಲಹೆಯಂತೆ ಸಕಾಲದಲ್ಲಿ ಕೊಡಿಸತಕ್ಕದ್ದು.